ಈಟಿ ಮುರಿಯುವ ಮೊದಲೇ ಕತ್ತರಿಸಿ

ಪುಟ್ಟ ಸೈನಿಕ ಗೊಂಬೆಗಳಿಟ್ಟು ವಾರ್‌ಗೇಮ್ ಆಡುವವರ ಮನೆಯಲ್ಲಿ ಒಂದು ಚಿಕ್ಕ ಡಬ್ಬಿ ಇದ್ದೇ ಇರುತ್ತದೆ. ಒಳಗೆ ಮುರಿದ ಈಟಿಗಳು, ತುದಿ ಹೋದ ಕತ್ತಿಗಳು, ಬಂದೂಕಿನಿಂದ ಉದುರಿದ ಬಯೊನೆಟ್‌ಗಳು. ‘ಇನ್ನೊಂದಿನ ಅಂಟಿಸೋಣ’ ಅಂತ ಎತ್ತಿಟ್ಟವು. ಆ ಇನ್ನೊಂದಿನ ಬರುವುದೇ ಅಪರೂಪ. ಬಂದು ಅಂಟಿಸಿದರೂ ಪ್ರಯೋಜನ ಕಡಿಮೆ. ಒಂದು ಮಿಲಿಮೀಟರ್ ಅಗಲದ ತುದಿಗೆ ಎಷ್ಟು ಅಂಟು ಹಿಡಿದೀತು? ಮುಂದಿನ ಆಟದಲ್ಲಿ ಅದೇ ಜಾಗದಲ್ಲಿ ಮತ್ತೆ ಲಟಕ್.

ಹಾಗಾಗಿ ನಾನು ಮುರಿಯುವವರೆಗೆ ಕಾಯುವುದಿಲ್ಲ. ಪೊಟ್ಟಣ ಬಿಚ್ಚಿದ ಮೇಲೆ, ಬಣ್ಣದ ಬಾಟಲಿ ಮುಟ್ಟುವ ಮುಂಚೆಯೇ, ಎರಕದ ಈಟಿಯನ್ನು ಕತ್ತರಿಸಿ ತಂತಿಯ ಈಟಿ ಹಾಕುತ್ತೇನೆ. ಹೊಸ ಗೊಂಬೆಗೆ ಮೊದಲು ಕತ್ತರಿ ಹಾಕುವುದು ನೋಡಿದವರಿಗೆ ಸ್ವಲ್ಪ ಕ್ರೂರ ಅನ್ನಿಸುತ್ತದೆ. ಬಣ್ಣ ಹಚ್ಚಿ, ನೆರಳು ಕೊಟ್ಟು, ಬುಡಕ್ಕೆ ಹುಲ್ಲು ಅಂಟಿಸಿ ಎಲ್ಲ ಮುಗಿದ ಮೇಲೆ ಈಟಿ ಮುರಿದರೆ ಅದು ಇನ್ನೂ ಕ್ರೂರ ಅಲ್ವಾ?

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮಿನಿಯೇಚರ್ ವಾರ್‌ಗೇಮ್ ಅಂದರೆ ಮೇಜಿನ ಮೇಲೆ ಬೆಟ್ಟ, ಗೋಡೆ, ಮರ ಜೋಡಿಸಿ, ಪುಟ್ಟ ಸೈನಿಕರನ್ನು ನಿಲ್ಲಿಸಿ, ಟೇಪಿನಿಂದ ದೂರ ಅಳೆದು, ದಾಳ ಉರುಳಿಸಿ ಆಡುವ ಯುದ್ಧ. ಹೆಚ್ಚು ಬಳಕೆಯ ಅಳತೆ 28 ಮಿ.ಮೀ. ಅಂದರೆ ನಿಂತ ಮನುಷ್ಯ ಪಾದದಿಂದ ಕಣ್ಣಿನವರೆಗೆ ಸುಮಾರು ಅಷ್ಟು ಎತ್ತರ. ಬೆಂಗಳೂರಿನಲ್ಲಿ ಆಡುವವರು ಜಾಸ್ತಿ ಇಲ್ಲ. ಇದ್ದವರು ಭಾನುವಾರ ಯಾರದ್ದಾದರೂ ಮನೆಯ ಊಟದ ಮೇಜು ಹಿಡಿದು ಕೂರುತ್ತೇವೆ. ನಮ್ಮಮ್ಮ ನವರಾತ್ರಿಯಲ್ಲಿ ಗೊಂಬೆ ಕೂರಿಸುತ್ತಾರೆ. ನನ್ನ ಸೈನಿಕರಿಗೆ ಆ ಮೆಟ್ಟಿಲ ಮೇಲೆ ಇನ್ನೂ ಜಾಗ ಸಿಕ್ಕಿಲ್ಲ. ‘ಆ ಈಟಿ ಚುಚ್ಚತ್ತೆ, ಬೇಡ’ ಅನ್ನುತ್ತಾರೆ. ಅವರ ಮಾತಲ್ಲಿ ಸತ್ಯವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಟಿ ಯಾಕೆ ಮುರಿಯುತ್ತದೆ ಅನ್ನುವುದಕ್ಕೆ ಉತ್ತರ ಗೊಂಬೆ ಹುಟ್ಟುವ ರೀತಿಯಲ್ಲೇ ಇದೆ. ಲೋಹದ ಗೊಂಬೆಗಳನ್ನು ಬಹುತೇಕ ತಿರುಗುವ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಎರಡು ದುಂಡನೆಯ ರಬ್ಬರ್ ತಟ್ಟೆಗಳ ನಡುವೆ ಮೂಲ ಗೊಂಬೆಗಳನ್ನಿಟ್ಟು, ಶಾಖ ಮತ್ತು ಒತ್ತಡ ಕೊಟ್ಟು ರಬ್ಬರನ್ನು ಗಟ್ಟಿ ಮಾಡಿದರೆ ಅಚ್ಚು ಸಿದ್ಧ. ಅದನ್ನು ಗಿರಗಿರ ತಿರುಗಿಸುತ್ತ ನಡುವಿನ ತೂತಿಗೆ ಕರಗಿದ ಲೋಹ ಹೊಯ್ದರೆ, ತಿರುಗುವ ರಭಸಕ್ಕೆ ಲೋಹ ಅಂಚಿನ ಕಡೆ ನುಗ್ಗಿ ಗೊಂಬೆಯ ಆಕಾರದ ಪೊಳ್ಳನ್ನು ತುಂಬುತ್ತದೆ. ಹೊಟ್ಟೆ, ಕಾಲು, ತಲೆ ಸುಲಭವಾಗಿ ತುಂಬುತ್ತವೆ. ಉದ್ದನೆಯ ತೆಳು ಈಟಿ ತುಂಬುವುದೇ ಕಷ್ಟ. ಒಳಗಿನ ಗಾಳಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಲೋಹ ಅರ್ಧದಲ್ಲೇ ನಿಲ್ಲುತ್ತದೆ. ದಾರಿ ಇದ್ದರೂ ಅಷ್ಟು ತೆಳು ಕಾಲುವೆಯಲ್ಲಿ ತುದಿ ಮುಟ್ಟುವ ಮೊದಲೇ ತಣ್ಣಗಾಗಿಬಿಡಬಹುದು. ಇನ್ನು ಅಚ್ಚಿನಿಂದ ಬಿಡಿಸುವಾಗ ರಬ್ಬರ್ ಹಿಡಿದೆಳೆದು ಈಟಿ ಬಗ್ಗುತ್ತದೆ. ಯಾರೋ ಅದನ್ನು ಬೆರಳಿನಿಂದ ನೆಟ್ಟಗೆ ಮಾಡಿ ಪೊಟ್ಟಣಕ್ಕೆ ಹಾಕುತ್ತಾರೆ. ನಮ್ಮ ಕೈಗೆ ಬರುವಷ್ಟರಲ್ಲಿ ಮೊದಲ ಬಿರುಕು ಬಿದ್ದಿರಲೂಬಹುದು.

ಲೋಹವೂ ಅಂಥದ್ದೇ. ಹಿಂದೆ ಸೀಸ ಮತ್ತು ತವರದ ಮಿಶ್ರಣ ಬಳಸುತ್ತಿದ್ದರು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತವರ 232ರಲ್ಲಿ. ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ 183ಕ್ಕೇ ಕರಗುತ್ತದೆ. ರೇಡಿಯೊ ರಿಪೇರಿಯವರ ಬೆಸುಗೆ ತಂತಿ ಅದೇ. ಎರಕಕ್ಕೆ ತುಂಬ ಅನುಕೂಲ, ಈಟಿಗೆ ತುಂಬ ಅನನುಕೂಲ. ಸೀಸದ ಈಟಿ ಮುಟ್ಟಿದರೆ ಬಾಗುತ್ತದೆ, ನೆಟ್ಟಗೆ ಮಾಡಿದರೆ ನಿಲ್ಲುತ್ತದೆ, ಹೀಗೆ ನಾಲ್ಕಾರು ಸಲ ಆದ ಮೇಲೆ ಮುಷ್ಟಿಯ ಪಕ್ಕದಲ್ಲೇ ಕಳಚುತ್ತದೆ. ಈಗಿನವು ಬಹುತೇಕ ಸೀಸವಿಲ್ಲದ ಪ್ಯೂಟರ್. ತವರಕ್ಕೆ ಸ್ವಲ್ಪ ಆಂಟಿಮನಿ ಇತ್ಯಾದಿ ಸೇರಿಸಿದ್ದು. ಆರೋಗ್ಯಕ್ಕೆ ಒಳ್ಳೆಯದು, ವಿವರಗಳೂ ಚೂಪಾಗಿ ಬರುತ್ತವೆ. ಆದರೆ ಬಿಗಿ ಜಾಸ್ತಿ. ಬಾಗುವ ಬದಲು ಬೇಗ ಮುರಿಯುತ್ತದೆ.

ಇದೆಲ್ಲ ಶಿಲ್ಪಿಗೆ ಗೊತ್ತು. ಅದಕ್ಕೇ ಅವನು ಈಟಿಯನ್ನು ದಪ್ಪ ಮಾಡುತ್ತಾನೆ, ಭುಜಕ್ಕೋ ಗುರಾಣಿಗೋ ಒತ್ತಿ ನಿಲ್ಲಿಸುತ್ತಾನೆ. ಹಳೆಯ ಗೊಂಬೆಗಳಲ್ಲಿ ಎಲ್ಲರೂ ಈಟಿಯನ್ನು ಎದೆಗೆ ಅಪ್ಪಿಕೊಂಡು ನಿಂತಿರುವುದು ಶಿಸ್ತಿಗಲ್ಲ, ಅಚ್ಚಿನ ಕಾಟಕ್ಕೆ. ಮುಷ್ಟಿಯಂತೂ ರಾಗಿ ಮುದ್ದೆಯ ಹಾಗೆ. ಕೈ ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ.

ಲೆಕ್ಕ ಹಾಕಿ ನೋಡಿ. 28 ಮಿ.ಮೀ. ಗೊಂಬೆ ನಿಜವಾದ ಮನುಷ್ಯನ ಸುಮಾರು 56ರಲ್ಲಿ ಒಂದು ಪಾಲು. ನಿಜವಾದ ಈಟಿಯ ಕೋಲು ಎರಡೂವರೆ ಸೆಂಟಿಮೀಟರ್ ದಪ್ಪ ಅಂದುಕೊಂಡರೆ ಗೊಂಬೆಯ ಕೈಯಲ್ಲಿ ಅದು ಅರ್ಧ ಮಿ.ಮೀ.ಗೂ ಕಡಿಮೆ. ಎರಕದ ಈಟಿ 1.2 ಮಿ.ಮೀ. ಇದ್ದರೆ ನಿಜದಲ್ಲಿ ಅದು ಏಳು ಸೆಂಟಿಮೀಟರ್‌ಗೆ ಹತ್ತಿರದ ಬೊಂಬು. ಅದನ್ನು ಒಂದೇ ಕೈಯಲ್ಲಿ ಎತ್ತಿ ಎಸೆಯುವ ವೀರ ಯಾರಿದ್ದಾನೆ? ಹಾಗಂತ ಅರ್ಧ ಮಿ.ಮೀ. ತಂತಿ ಹಾಕಿದರೆ ಅಳತೆ ಸರಿ, ಆದರೆ ಮೂರಡಿ ದೂರದಿಂದ ಈಟಿಯೇ ಕಾಣುವುದಿಲ್ಲ. ಜೊತೆಗೆ ಬೆರಳಿಗೆ ಸೂಜಿಯಂತೆ ನಾಟುತ್ತದೆ. ನನ್ನ ತೀರ್ಮಾನ 0.8 ಮಿ.ಮೀ. ಅಳತೆಗಿಂತ ದಪ್ಪ, ಎರಕಕ್ಕಿಂತ ತೆಳು, ಕಣ್ಣಿಗೂ ಕೈಗೂ ಸರಿ. ಇದಕ್ಕೆ ನಮ್ಮ ಗುಂಪಿನಲ್ಲೇ ವಿರೋಧವಿದೆ. ಅಳತೆ ಅಂದರೆ ಅಳತೆ ಅನ್ನುವವರಿದ್ದಾರೆ. ಅವರ ಗೊಂಬೆಗಳು ಚೆನ್ನಾಗಿರುತ್ತವೆ, ಗಾಜಿನ ಕಪಾಟಿನೊಳಗೆ. ನನ್ನವು ಆಡುವ ಗೊಂಬೆಗಳು. ಎತ್ತಬೇಕು, ಇಳಿಸಬೇಕು, ಸಾಲಿನಲ್ಲಿ ಒತ್ತಬೇಕು, ಸತ್ತರೆ ಮಲಗಿಸಬೇಕು. ಕೈ ಬೀಳುವ ವಸ್ತು ಕೈಯನ್ನು ತಡೆದುಕೊಳ್ಳಲೇಬೇಕು.

ಉದ್ದದ ವಿಷಯದಲ್ಲಿ ಮಾತ್ರ ನಾನೂ ಅಳತೆಯ ಕಡೆಯೇ. ಅಲೆಕ್ಸಾಂಡರನ ಕಾಲದ ಮೆಸಿಡೋನಿಯದ ಕಾಲಾಳುಗಳ ಸರಿಸ್ಸ ಅನ್ನುವ ಈಟಿ ಐದಾರು ಮೀಟರ್ ಉದ್ದದ್ದು. 28 ಮಿ.ಮೀ. ಗೊಂಬೆಗೆ ಅದು ಹತ್ತು ಸೆಂಟಿಮೀಟರ್ ಆಸುಪಾಸು. ಅಷ್ಟು ಉದ್ದವನ್ನು ಗೊಂಬೆಯ ಜೊತೆಗೇ ಎರಕ ಹೊಯ್ಯುವುದು ಆಗದ ಮಾತು. ಅಂಥ ಗೊಂಬೆಗಳನ್ನು ಬರಿಗೈಯಲ್ಲಿ ಮಾರಿ, ಜೊತೆಗೆ ತಂತಿ ಕೊಡುವವರೂ ಇದ್ದಾರೆ. ಒಳ್ಳೆಯ ಕೆಲಸ. ಎಲ್ಲರೂ ಹಾಗೇ ಮಾಡಲಿ.

ಸಾಮಾನು ಎಲ್ಲಿ? ಬೆಂಗಳೂರಿನವರಿಗೆ ಇದೊಂದು ಭಾಗ್ಯ. ಗೊಂಬೆಗಳು ಹೊರದೇಶದಿಂದ ಪಾರ್ಸಲ್ಲಿನಲ್ಲಿ ಬರಬೇಕು, ಬಣ್ಣಕ್ಕೆ ದುಡ್ಡು ಸುರಿಯಬೇಕು. ಆದರೆ ಆಯುಧಕ್ಕೆ ಬೇಕಾದ್ದೆಲ್ಲ ಪೇಟೆಯಲ್ಲೇ ಸಿಗುತ್ತದೆ. ಸಣ್ಣ ಡ್ರಿಲ್ ಬಿಟ್ಟುಗಳಿಗೆ ಎಸ್.ಪಿ. ರೋಡ್. ಎಲೆಕ್ಟ್ರಾನಿಕ್ಸ್ ಬೋರ್ಡಿಗೆ ತೂತು ಹಾಕುವ 0.8 ಮಿ.ಮೀ. ಡ್ರಿಲ್ ಬಿಟ್ ನಮಗೆ ಹೇಳಿ ಮಾಡಿಸಿದ ಅಳತೆ. ಆದರೆ ಕಾರ್ಬೈಡಿನದು ಬೇಡ. ಅದು ಯಂತ್ರಕ್ಕೆ ಸರಿ. ಕೈಯಲ್ಲಿ ಸ್ವಲ್ಪ ವಾಲಿದರೂ ಗಾಜಿನಂತೆ ಮುರಿದು ಗೊಂಬೆಯ ಮುಷ್ಟಿಯೊಳಗೇ ಉಳಿಯುತ್ತದೆ. ಹೈಸ್ಪೀಡ್ ಸ್ಟೀಲಿನದು ಕೇಳಿ. ಡ್ರಿಲ್ ಬಿಟ್ ಸಿಕ್ಕಿಸಿ ಕೈಯಲ್ಲಿ ತಿರುಗಿಸುವ ಪಿನ್ ವೈಸ್, ಸೂಜಿ ಅರಗಳು, ಸಣ್ಣ ಸುತ್ತಿಗೆ, ಅಂಗೈ ಅಗಲದ ಉಕ್ಕಿನ ದಿಮ್ಮಿ, ಇವೆಲ್ಲ ಅಕ್ಕಸಾಲಿಗರ ಸಾಮಾನು. ನಗರ್ತಪೇಟೆ ಕಡೆ ಹೋದರೆ ಆಯಿತು. ‘ಏನು ಕೆಲಸಕ್ಕೆ ಸಾರ್?’ ಅಂತ ಕೇಳಿದರೆ ನಾನು ಸುಮ್ನೆ ‘ಗೊಂಬೆಗೆ’ ಅನ್ನುತ್ತೇನೆ. ದೇವರ ಗೊಂಬೆ ಅಂದುಕೊಂಡು ಮರ್ಯಾದೆ ಜಾಸ್ತಿ ಕೊಡುತ್ತಾರೆ.

ಇನ್ನೂ ಒಂದು ಮಜಾ ಇದೆ. ಈ ಬೀದಿಗಳೇ ನಮ್ಮ ಆಟದ ಮೈದಾನವೂ ಹೌದು. 1791ರ ಮಾರ್ಚ್‌ನಲ್ಲಿ ಟಿಪ್ಪುವಿನ ಮೇಲೆ ಬಂದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಮೊದಲು ಹಿಡಿದದ್ದು ಈ ಪೇಟೆಯನ್ನೇ. ಆಮೇಲೆ 21ರ ರಾತ್ರಿ ಕೋಟೆಯನ್ನು. ಪೇಟೆಯ ಗೋಡೆಗೆ, ಕೋಟೆಯ ಡೆಲ್ಲಿ ಗೇಟಿಗೆ ಥರ್ಮೋಕೋಲ್ ಕೊಯ್ಯುತ್ತ ಕೂತವನಿಗೆ ಚಿಕ್ಕಪೇಟೆಯ ಜನಜಂಗುಳಿಯಲ್ಲಿ ತಂತಿ ಹುಡುಕುವುದು ಬೇರೆಯೇ ತರಹ ಅನ್ನಿಸುತ್ತದೆ.

ಯಾವ ತಂತಿ ಅನ್ನುವುದಕ್ಕೆ ಒಂದೇ ಉತ್ತರವಿಲ್ಲ. ಗಟ್ಟಿ ಉಕ್ಕಿನ ಸ್ಪ್ರಿಂಗ್ ತಂತಿ, ಅಂದರೆ ಪಿಯಾನೊ ತಂತಿ, ಬಗ್ಗಿದರೂ ತಾನೇ ನೆಟ್ಟಗಾಗುತ್ತದೆ. ಆದರೆ ಅರ ಜಾರುತ್ತದೆ, ಒಳ್ಳೆಯ ಕಟ್ಟರಿನ ಬಾಯಿ ಹಾಳಾಗುತ್ತದೆ, ಕತ್ತರಿಸಿದ ತುಂಡು ಠಣ್ ಅಂತ ಹಾರಿ ಕಣ್ಣಿಗೆ ಬೀಳಬಹುದು. ಕನ್ನಡಕ ಹಾಕಿ, ತುಂಡನ್ನು ಬಟ್ಟೆಯಲ್ಲಿ ಹಿಡಿದೇ ಕತ್ತರಿಸಿ. ನಮ್ಮಮ್ಮ ಹೇಳಿದ ಚುಚ್ಚುವ ಈಟಿ ಇದೇ. ಪ್ಲಾಸ್ಟಿಕ್ ಬ್ರಷ್ಷಿನ ಕೂದಲು ಚುಚ್ಚುವುದಿಲ್ಲ, ಮುರಿಯುವುದೂ ಇಲ್ಲ. ಆದರೆ ಬಗ್ಗಿದಾಗೆಲ್ಲ ಬಣ್ಣ ಪುಡಿಯಾಗಿ ಉದುರುತ್ತದೆ. ಕಡ್ಡಿ ಪೊರಕೆಯ ತೆಂಗಿನ ಕಡ್ಡಿ ನೋಡಲು ಬಲು ಚಂದ, ಬುಡದಿಂದ ತುದಿಗೆ ತಾನಾಗೇ ತೆಳುವಾಗುತ್ತ ಹೋಗುತ್ತದೆ. ಒಣಗಿದ ಮೇಲೆ ಲಟಕ್ಕೆಂದು ಮುರಿಯುತ್ತದೆ. ಅಗರಬತ್ತಿಯ ಕಡ್ಡಿ ಬಿದಿರಿನದು, ಗಟ್ಟಿ, ಆದರೆ ದಪ್ಪ. ಉದ್ದಕ್ಕೆ ಸೀಳಿ ಕೆರೆದರೆ ಬಳಸಬಹುದು. ಹೊಲಿಗೆಯ ಗುಂಡುಪಿನ್ನು ಈಟಿಗಿಂತ ಗದೆಗೆ ಚೆನ್ನ. ತಲೆ ಆಗಲೇ ಇದೆಯಲ್ಲ!

ಕೊನೆಗೆ ನಾನು ನೆಲೆಯಾದದ್ದು ಹಿತ್ತಾಳೆಗೆ. ನೇರ ಸಲಾಕೆಯಾಗಿ ಸಿಗುವುದನ್ನೇ ತನ್ನಿ. ಸುರುಳಿ ತಂದರೆ ಅದನ್ನು ನೆಟ್ಟಗೆ ಮಾಡುವುದರಲ್ಲೇ ಸಂಜೆ ಕಳೆಯುತ್ತದೆ. ಹಿತ್ತಾಳೆಯ ಗುಣ ಏನೆಂದರೆ ಅದರಲ್ಲೇ ಮೊನೆ ಮಾಡಬಹುದು. ಸಲಾಕೆಯ ತುದಿ ಮಾತ್ರ, ಐದಾರು ಮಿ.ಮೀ.ಯಷ್ಟು, ಗ್ಯಾಸ್ ಒಲೆಯ ಉರಿಯಲ್ಲಿ ಮಂಕು ಕೆಂಪಾಗುವವರೆಗೆ ಹಿಡಿಯಿರಿ, ಇಕ್ಕಳದಲ್ಲಿ. ಆರಿದ ಮೇಲೆ ಆ ತುದಿ ಮೆತ್ತಗಾಗಿರುತ್ತದೆ, ಉಳಿದ ಕೋಲು ಗಟ್ಟಿಯಾಗೇ ಇರುತ್ತದೆ. ದಿಮ್ಮಿಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಜೋರಾಗಿ ಒಂದೇಟು ಬೇಡ, ಸಣ್ಣ ಏಟು ಹತ್ತಾರು. ತುದಿ ಚಪ್ಪಟೆಯಾಗುತ್ತ ಅಗಲವಾಗುತ್ತದೆ. ತಟ್ಟಿದಷ್ಟೂ ಲೋಹ ಮತ್ತೆ ಗಟ್ಟಿಯಾಗುತ್ತದೆ. ಇನ್ನೂ ತಟ್ಟಬೇಕು ಅನ್ನಿಸಿದರೆ ಇನ್ನೊಮ್ಮೆ ಕಾಯಿಸಿ, ಇಲ್ಲದಿದ್ದರೆ ಅಂಚು ಸೀಳುತ್ತದೆ. ಆಮೇಲೆ ಸೂಜಿ ಅರದಲ್ಲಿ ಎರಡೂ ಬದಿ ಉಜ್ಜಿ ಎಲೆಯ ಆಕಾರ ಕೊಡಿ. ತುದಿಯನ್ನು ಸೂಜಿಯಷ್ಟು ಚೂಪು ಮಾಡಬೇಡಿ. ಕಣ್ಣಿಗೆ ಚೂಪು ಕಂಡರೆ ಸಾಕು, ಬೆರಳಿಗೆ ಮೊಂಡಾಗಿರಲಿ. ನಮ್ಮಮ್ಮನ ದೂರಿಗೆ ಉತ್ತರ ಇಷ್ಟೇ.

ಇನ್ನು ಕೈ. ಎರಕದ ಈಟಿಯನ್ನು ಮುಷ್ಟಿಯ ಮೇಲೆ ಒಂದು ಸಲ, ಕೆಳಗೆ ಒಂದು ಸಲ ಕತ್ತರಿಸಿ ಅರದಲ್ಲಿ ಮಟ್ಟ ಮಾಡಿ. ಗೊಂಬೆಯನ್ನು ಹಳೇ ಕಾಲುಚೀಲದಲ್ಲಿ ಸುತ್ತಿ ಹಿಡಿದರೆ ಹೆಬ್ಬೆರಳು ಉಳಿಯುತ್ತದೆ. ಡ್ರಿಲ್ ಜಾರದ ಹಾಗೆ ಮೊದಲು ದಪ್ಪ ಸೂಜಿಯಿಂದ ನಡುವೆ ಒಂದು ಚುಕ್ಕಿ ಒತ್ತಿ. ಪಿನ್ ವೈಸನ್ನು ಬೆರಳ ತುದಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ಹೊರತೆಗೆಯಿರಿ. ಈ ಲೋಹ ಮೆತ್ತಗಿರುವುದರಿಂದ ಬಿಟ್ಟಿನ ಸುರುಳಿಯಲ್ಲಿ ಮೆತ್ತಿಕೊಳ್ಳುತ್ತದೆ, ಆಮೇಲೆ ಅದು ಕೊರೆಯುವುದಿಲ್ಲ, ಸುಮ್ಮನೆ ಉಜ್ಜುತ್ತದೆ. ಹೆರೆ ಒರೆಸಿ, ಮೊಂಬತ್ತಿಯ ಮೇಣಕ್ಕೆ ಬಿಟ್ಟನ್ನು ಮುಟ್ಟಿಸಿ, ಮತ್ತೆ ತಿರುಗಿಸಿ. ಮೇಲಿಂದ ಅರ್ಧ, ಕೆಳಗಿಂದ ಅರ್ಧ. ಎರಡೂ ತೂತು ನಡುವೆ ಸೇರಿದಾಗ ಬೆರಳಿಗೆ ಗೊತ್ತಾಗುತ್ತದೆ, ಡ್ರಿಲ್ ತಟ್ಟನೆ ಹಗುರವಾಗುತ್ತದೆ.

ತೂತು ವಾಲಿ ಬೆರಳಿನ ಬದಿ ಒಡೆದರೆ ತಲೆ ಕೆಡಿಸಿಕೊಳ್ಳಬೇಡಿ. ಅಂಗೈ ಕಡೆಯಿಂದ ಅರದಲ್ಲಿ ಒಂದು ಸಣ್ಣ ಕಾಲುವೆ ತೆಗೆದು, ಸಲಾಕೆಯನ್ನು ಅದರಲ್ಲಿ ಕೂರಿಸಿ, ಮೇಲೆ ಎಂ-ಸೀಲಿನಿಂದ ಬೆರಳು ಮುಚ್ಚಿ. ನಿಜ ಹೇಳಬೇಕೆಂದರೆ ದೊಡ್ಡ ಪಡೆ ಮಾಡುವಾಗ ನಾನು ಬೇಕೆಂದೇ ಈ ದಾರಿ ಹಿಡಿಯುತ್ತೇನೆ. ಬೇಗ ಮುಗಿಯುತ್ತದೆ, ಹಿಂದಿನ ಸಾಲಿನವರ ಅಂಗೈ ಯಾರು ನೋಡುತ್ತಾರೆ?

ಹಳೇ ಗೊಂಬೆಯಾದರೆ ಅದು ಸೀಸ ಅನ್ನುವುದು ನೆನಪಿರಲಿ. ಪುಡಿಯನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಊಟದ ಮೇಜಿನ ಮೇಲೆ ಈ ಕೆಲಸ ಬೇಡ. ಮುಗಿದ ಮೇಲೆ ಕೈಯನ್ನು ಸೋಪಿನಲ್ಲಿ ತೊಳೆಯಿರಿ.

ಅಂಟಿನ ವಿಷಯ ಚಿಕ್ಕದು. ಸೂಪರ್ ಗ್ಲೂ ತಕ್ಷಣ ಹಿಡಿಯುತ್ತದೆ, ಆದರೆ ಪಕ್ಕದಿಂದ ಏಟು ಬಿದ್ದರೆ ಬಿಡುತ್ತದೆ. ಎರಡು ಟ್ಯೂಬು ಬೆರೆಸುವ ಎಪಾಕ್ಸಿ ನಿಧಾನ, ಆದರೆ ಹಿಡಿದದ್ದು ಹಿಡಿದದ್ದೇ. ಸಲಾಕೆ ನುಣುಪಾಗಿದ್ದರೆ ಯಾವುದೂ ಹಿಡಿಯುವುದಿಲ್ಲ, ಮುಷ್ಟಿಯೊಳಗೆ ಹೋಗುವ ಭಾಗವನ್ನು ಸ್ಯಾಂಡ್ ಪೇಪರಿನಲ್ಲಿ ಕೆರೆಯಿರಿ. ಸಾಧ್ಯವಾದರೆ ಈಟಿ ಇನ್ನೊಂದು ಕಡೆಯೂ ತಾಗಲಿ. ಬುಡ ನೆಲಕ್ಕೆ, ಇಲ್ಲವೇ ಕೋಲು ಗುರಾಣಿಯ ಅಂಚಿಗೆ. ಎರಡು ಕಡೆ ಅಂಟಿದ ಈಟಿ ಬೀಳುವುದು ಅಪರೂಪ.

ಶಿಲ್ಪಿ ಮಾಡಿದ್ದನ್ನು ಕತ್ತರಿಸುವುದು ತಪ್ಪಲ್ಲವಾ ಅಂತ ಕೇಳುವವರಿಗೆ ನಾನು ಚೋಳರ ಕಾಲದ ಕಂಚಿನ ರಾಮನನ್ನು ತೋರಿಸುತ್ತೇನೆ. ಎಡಗೈ ಮೇಲೆತ್ತಿ ಬಿಲ್ಲು ಹಿಡಿದ ಭಂಗಿ, ಬೆರಳುಗಳು ಬಾಗಿವೆ, ಆದರೆ ಬಿಲ್ಲಿಲ್ಲ. ಬಿಲ್ಲನ್ನು ಬೇರೆಯಾಗಿ ಮಾಡಿ ಕೈಗೆ ಕೊಡುತ್ತಿದ್ದರು. ಬಹಳಷ್ಟು ವಿಗ್ರಹಗಳಲ್ಲಿ ಅದು ಈಗ ಉಳಿದಿಲ್ಲ. ಕೈ ಖಾಲಿ ಇದ್ದರೂ ರಾಮ ರಾಮನೇ. ಮೇಣದ ಮಾದರಿಯಿಂದ ಅಷ್ಟು ನಾಜೂಕು ಎರಕ ಹೊಯ್ಯುತ್ತಿದ್ದವರೇ ಆಯುಧವನ್ನು ಬೇರೆ ಇಟ್ಟರು. ಮೈ ಒಂದು, ಆಯುಧ ಇನ್ನೊಂದು. ನಿಜವಾದ ಸೈನಿಕನೂ ಹಾಗೆ ತಾನೇ? ಬಿದಿರು, ಕಬ್ಬಿಣ, ಮಾಂಸ ಎಲ್ಲವನ್ನೂ ಒಂದೇ ಲೋಹದಲ್ಲಿ ಹೊಯ್ದದ್ದು ಬರೀ ಕಾರ್ಖಾನೆಯ ಅನುಕೂಲಕ್ಕೆ.

ನನ್ನ ಮೇಜಿನ ಮೇಲೆ ಸದ್ಯ ಇರುವುದು ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಸಂಸ್ಥಾನದ ಭರ್ಜಿಯ ಕುದುರೆ ಪಡೆ. ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಎಷ್ಟೋ ಜನ ಪಕ್ಕದಲ್ಲೇ ಬಸ್ಸಿನಲ್ಲಿ ಹೋಗುತ್ತಾರೆ, ತಲೆ ತಿರುಗಿಸಿ ನೋಡುವವರು ಕಡಿಮೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಊರನ್ನು ಹಿಡಿದ ಕುದುರೆ ಪಡೆಗಳಲ್ಲಿ ಜೋಧಪುರದವರ ಜೊತೆ ಇವರೂ ಇದ್ದರು. ಮೆಷಿನ್ ಗನ್ನು, ಫಿರಂಗಿಗಳ ಎದುರಿಗೆ ಕುದುರೆ ಮತ್ತು ಭರ್ಜಿ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಆ ಕಾಲದ ಬಿದಿರಿನ ಭರ್ಜಿ ಸುಮಾರು ಒಂಬತ್ತು ಅಡಿ. ಗೊಂಬೆಗೆ ಇಳಿಸಿದರೆ ಐದು ಸೆಂಟಿಮೀಟರ್‌ಗೆ ಸ್ವಲ್ಪ ಕಡಿಮೆ. ಸವಾರ ದಾಳಿಯಲ್ಲಿರುವುದರಿಂದ ಅದು ಕುದುರೆಯ ತಲೆ ದಾಟಿ ಮುಂದಕ್ಕೆ ಚಾಚಿರುತ್ತದೆ. ಮುಂದಿನ ಗೊಂಬೆಗೆ ತಾಗುತ್ತದೆ, ಅಂಗಿಯ ತೋಳಿಗೆ ಸಿಕ್ಕುತ್ತದೆ, ಡಬ್ಬಿಯ ಗೋಡೆಗೆ ಬಡಿಯುತ್ತದೆ. ಎರಕದ ಭರ್ಜಿ ಇಂಥ ಗೊಂಬೆಯಲ್ಲಿ ಒಂದು ಆಟವೂ ಬಾಳುವುದಿಲ್ಲ. ಇಲ್ಲಿ ಮಾತ್ರ ನಾನು ಹಿತ್ತಾಳೆ ಬಿಟ್ಟು ಉಕ್ಕಿಗೆ ಹೋದೆ. ಹಿತ್ತಾಳೆ ಬಗ್ಗಿದರೆ ಬಗ್ಗಿಯೇ ಇರುತ್ತದೆ, ಬಾಗಿದ ಭರ್ಜಿ ಹಿಡಿದು ದಾಳಿಗೆ ಬಂದ ಸವಾರನನ್ನು ನೋಡಲಾಗುವುದಿಲ್ಲ. ತುದಿಗೆ ಒಂದು ಚೂರು ಎಂ-ಸೀಲ್ ಮೊನೆ ಮಾಡಿದರೆ ಚುಚ್ಚುವುದೂ ತಪ್ಪುತ್ತದೆ.

ಟಿಪ್ಪುವಿನ ಕಾಲದ ರಾಕೆಟ್ ಪಡೆಯವರಿಗೆ ಬೇರೆ ಉಪಾಯ. 1780ರ ಪೊಳ್ಳಿಲೂರು ಕಾಳಗದ ಹೊತ್ತಿಗೇ ಈ ರಾಕೆಟ್ಟುಗಳು ಇಂಗ್ಲಿಷರಿಗೆ ಪರಿಚಯ. ಕಬ್ಬಿಣದ ಕೊಳವೆ, ಅದಕ್ಕೆ ಕಟ್ಟಿದ ಉದ್ದ ಬಿದಿರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳು ಬಾವಿಯೊಂದರಿಂದ ಸಾವಿರದಷ್ಟು ಕೊಳವೆಗಳು ಸಿಕ್ಕವು. ಗೊಂಬೆಗೆ ಆ ಕೊಳವೆ ನಾಲ್ಕೈದು ಮಿ.ಮೀ. ಉದ್ದ ಇದ್ದರೆ ಸಾಕು. ಮೆಡಿಕಲ್ ಶಾಪಿನಲ್ಲಿ 18 ಗೇಜಿನ ಹೊಸ ಇಂಜೆಕ್ಷನ್ ಸೂಜಿ ಕೇಳಿ. ಹೊರ ಅಳತೆ 1.27 ಮಿ.ಮೀ. ಚೂಪು ತುದಿಯನ್ನು ಮೊದಲೇ ಕತ್ತರಿಸಿ ಎಸೆದು, ಉಳಿದದ್ದನ್ನು ತುಂಡು ಮಾಡಿ, ಸೀಳಿದ ಅಗರಬತ್ತಿ ಕಡ್ಡಿಗೆ ದಾರದಿಂದ ಕಟ್ಟಿ. ಕೊಳವೆಗೆ ಲೋಹ, ಬಿದಿರಿಗೆ ಬಿದಿರೇ. ಬಣ್ಣವೂ ಹೆಚ್ಚು ಬೇಡ. ಈ ಹವ್ಯಾಸದಲ್ಲಿ ಇಷ್ಟು ಸಲೀಸಾಗಿ ಹೊಂದಿಕೊಂಡ ಕೆಲಸ ನಾನು ಬೇರೆ ಕಂಡಿಲ್ಲ.

ಎಲ್ಲ ಆಯುಧವನ್ನೂ ಬದಲಿಸಬೇಕು ಅಂತಲ್ಲ. ಕತ್ತಿ ಗಿಡ್ಡ, ಬುಡದಲ್ಲಿ ಹಿಡಿಯ ಆಸರೆ ಇದೆ, ಅದನ್ನು ಹಾಗೇ ಬಿಡಿ. ಎದೆಗೆ ಒರಗಿದ ಬಂದೂಕು ಮುರಿಯುವುದಿಲ್ಲ. ಬಯೊನೆಟ್ ಮುರಿಯುತ್ತದೆ, ಆದರೆ ಅಷ್ಟು ಸಣ್ಣದಕ್ಕೆ ತೂತು ಕೊರೆಯುವ ತಾಳ್ಮೆ ನನಗಿಲ್ಲ. ಕಳಚಿದರೆ ಕಳಚಲಿ, ಆ ಸಿಪಾಯಿ ಹಾಗೇ ಹೋರಾಡಲಿ. ಮೆತ್ತನೆಯ ಪ್ಲಾಸ್ಟಿಕ್ ಗೊಂಬೆಯ ಈಟಿ ಸೊಟ್ಟಗಿದ್ದರೆ ಬಿಸಿನೀರಿಗೆ ಅದ್ದಿ ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕಿದರೆ ಎಷ್ಟೋ ಸಲ ಸಾಕಾಗುತ್ತದೆ. ಈಗ ಮನೆಯಲ್ಲೇ ರೆಸಿನ್ 3ಡಿ ಪ್ರಿಂಟರ್ ಇಟ್ಟುಕೊಂಡು ಗೊಂಬೆ ಮಾಡುವವರು ಜಾಸ್ತಿಯಾಗಿದ್ದಾರೆ. ಅವರ ಗೊಂಬೆಗಳಲ್ಲಿ ಕಣ್ಣಿನ ರೆಪ್ಪೆಯೂ ಕಾಣುತ್ತದೆ, ಈಟಿ ಮಾತ್ರ ಲೋಹದ್ದಕ್ಕಿಂತ ಬೇಗ ಮುರಿಯುತ್ತದೆ. ಪ್ರಿಂಟ್ ಮಾಡುವವರಿಗೆ ಒಂದೇ ಕೋರಿಕೆ. ಫೈಲಿನಲ್ಲೇ ಈಟಿ ಅಳಿಸಿ, ಮುಷ್ಟಿಯಲ್ಲಿ ತೂತು ಬಿಡಿ. ಪಿನ್ ವೈಸ್ ತಿರುಗಿಸುವ ಶ್ರಮವೇ ಇಲ್ಲ.

ಸಾಗಿಸುವುದು ಇನ್ನೊಂದು ಕಥೆ. ಗೊಂಬೆಗಳ ಬುಡಕ್ಕೆ ಮ್ಯಾಗ್ನೆಟ್ ಅಂಟಿಸಿ ತಗಡಿನ ಡಬ್ಬಿಯಲ್ಲಿ ನಿಲ್ಲಿಸುತ್ತೇನೆ. ಆಟೋದಲ್ಲಿ ಹೋದರೆ ನಮ್ಮ ರಸ್ತೆಯ ಗುಂಡಿಗಳೇ ಪರೀಕ್ಷೆ. ಮೆಟ್ರೋ ವಾಸಿ, ಆದರೆ ಸ್ಕ್ಯಾನರಿನಲ್ಲಿ ಸಾಲಾಗಿ ನಿಂತ ನೂರಾರು ಲೋಹದ ಕಡ್ಡಿಗಳು ಕಂಡರೆ ಡಬ್ಬಿ ತೆರೆಯಲೇಬೇಕು. ತೆರೆದರೆ ಇನ್ನಿಬ್ಬರು ಸಿಬ್ಬಂದಿ ನೋಡಲು ಬರುತ್ತಾರೆ, ಒಬ್ಬರು ಫೋಟೋ ಕೇಳುತ್ತಾರೆ. ಹತ್ತು ನಿಮಿಷ ಬೇಗ ಹೊರಡುವುದು ಒಳ್ಳೆಯದು.

ಆಯುಧ ಪೂಜೆಯ ದಿನ ಪಿನ್ ವೈಸ್, ಸುತ್ತಿಗೆ, ಅರಗಳಿಗೆ ನಾನೂ ಕುಂಕುಮ ಹಚ್ಚುತ್ತೇನೆ. ಈ ಊರಲ್ಲಿ ಕಾರು, ಸ್ಕೂಟರು, ಲ್ಯಾಪ್‌ಟಾಪಿಗೆಲ್ಲ ಪೂಜೆ ಆಗುತ್ತದೆ. ನಿಜವಾಗಿ ಆಯುಧ ಮಾಡುವ ಸಾಮಾನಿಗೆ ಆಗದಿದ್ದರೆ ಹೇಗೆ?

ಲ್ಯಾನ್ಸರುಗಳ ಭರ್ಜಿಯ ಬಾವುಟ ಇನ್ನೂ ಬಾಕಿ ಇದೆ. ಟೀ ಪೊಟ್ಟಣದ ಒಳಗಿನ ತೆಳು ಹಾಳೆಯಲ್ಲಿ ಮಾಡಿದರೆ ಗಾಳಿಗೆ ಹಾರುವ ಮಡಿಕೆ ಚೆನ್ನಾಗಿ ನಿಲ್ಲುತ್ತದೆ ಅಂತ ಗೆಳೆಯನ ವಾದ. ನನಗೆ ಸಾದಾ ಕಾಗದ, ತೆಳುವಾಗಿ ಫೆವಿಕಾಲ್ ಸವರಿ, ಒದ್ದೆ ಇರುವಾಗಲೇ ಮಡಿಸುವುದು ಇಷ್ಟ. ಹಾಳೆಯ ಮೇಲಿನ ಬಣ್ಣ ಬೆರಳು ತಾಗಿದರೆ ಸುಲಿದು ಬರುತ್ತದೆ, ಕಾಗದದ್ದು ಬರುವುದಿಲ್ಲ. ಸದ್ಯಕ್ಕೆ ಅರ್ಧ ಪಡೆಗೆ ಅವನು, ಅರ್ಧ ಪಡೆಗೆ ನಾನು ಅಂತ ಒಪ್ಪಂದವಾಗಿದೆ.